ಮುದ್ದೆ ಕೇಳಿದರೆ ಲಡ್ಡು ಬರುತ್ತೆ: ವೆಬ್‌ಸೈಟ್‌ಗೆ ಕಡಿಮೆ ಖರ್ಚಿನ ಫೋಟೋ ಎಲ್ಲಿ ಸಿಗುತ್ತೆ?

ಸಣ್ಣಪುಟ್ಟ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹೋಮ್‌ಸ್ಟೇ, ಖಾನಾವಳಿ, ಹಲ್ಲಿನ ಕ್ಲಿನಿಕ್, ಟ್ಯಾಕ್ಸಿ ಸರ್ವಿಸ್, ಹೀಗೆ. ಡೊಮೇನ್‌ಗೆ, ಹೋಸ್ಟಿಂಗ್‌ಗೆ ದುಡ್ಡು ಕೊಡಲು ಯಾರೂ ತಕರಾರು ಮಾಡುವುದಿಲ್ಲ. ಫೋಟೋ ಅಂದ ಕೂಡಲೇ ಮಾತ್ರ "ಗೂಗಲ್‌ನಲ್ಲಿ ಬೇಕಾದಷ್ಟಿದೆಯಲ್ಲ, ತಗೊಂಡು ಹಾಕ್ಬಿಡಿ" ಅನ್ನುತ್ತಾರೆ. ಗೂಗಲ್ ಹುಡುಕಿ ತೋರಿಸುತ್ತದೆ ಅಷ್ಟೇ, ಫೋಟೋ ಬೇರೆ ಯಾರದ್ದೋ. ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ ಫೋಟೋ ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಅದಕ್ಕೆ ನೋಂದಣಿಯೂ ಬೇಕಿಲ್ಲ.

ಹಾಗಾಗಿ ಪುಕ್ಕಟೆ ಸೈಟು, ದುಡ್ಡಿನ ಸೈಟು ಎರಡರಲ್ಲೂ ಒಂದೇ ನಾಲ್ಕು ವಿಷಯ ಹುಡುಕಿ ನೋಡಿದೆ: ಹಂಪಿ, ರಾಗಿ ಮುದ್ದೆ, ಯಕ್ಷಗಾನ, ನಗುವ ಡಾಕ್ಟರ್. ಯಾವ ಸೈಟಿನ ಬಂಡವಾಳ ಎಷ್ಟು ಅಂತ ಇಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಮೊದಲು ಅನ್‌ಸ್ಪ್ಲಾಶ್. 2013ರಲ್ಲಿ ಶುರುವಾಗಿ 2021ರಲ್ಲಿ ಗೆಟ್ಟಿ ಇಮೇಜಸ್ ಕೈಗೆ ಹೋದ ಸೈಟು. ಪುಕ್ಕಟೆ ಸೈಟುಗಳಲ್ಲಿ ಫೋಟೋದ ಅಂದಕ್ಕೆ ಇದನ್ನು ಮೀರಿಸುವುದು ನನಗಂತೂ ಕಂಡಿಲ್ಲ. ಹಂಪಿ ಅಂತ ಹಾಕಿದರೆ ಕಲ್ಲಿನ ರಥ, ಬಂಡೆಗಳ ಮೇಲೆ ಬಿದ್ದ ಬೆಳಗಿನ ಬಿಸಿಲು, ಎಲ್ಲ ಕ್ಯಾಲೆಂಡರ್‌ಗೆ ಹಾಕುವಂತಿವೆ. ಆದರೆ ಮುದ್ದೆ ಕೇಳಿದೆ ನೋಡಿ, ಲಡ್ಡು ಬಂತು. ಅದರ ಹಿಂದೆ ಚಾಕೊಲೇಟ್ ಉಂಡೆ. ಜೊತೆಗೆ ಫಲಿತಾಂಶದ ನಡುನಡುವೆ ಬೀಗ ಹಾಕಿದ ಫೋಟೋಗಳೂ ಇರುತ್ತವೆ. ಅವು ಅನ್‌ಸ್ಪ್ಲಾಶ್ ಪ್ಲಸ್‌ನವು, ಅವಕ್ಕೆ ಚಂದಾ ಕಟ್ಟಬೇಕು.

ಪೆಕ್ಸೆಲ್ಸ್ ಅಂದದಲ್ಲಿ ಅರ್ಧ ಮೆಟ್ಟಿಲು ಕೆಳಗೆ, ಉಪಯೋಗದಲ್ಲಿ ಒಂದು ಮೆಟ್ಟಿಲು ಮೇಲೆ. ನಮ್ಮ ಕಡೆಯ ಮುಖಗಳು, ತರಕಾರಿ ಮಾರ್ಕೆಟ್, ಮನೆ ಅಡುಗೆ, ಮದುವೆ ಮಂಟಪ ಇಲ್ಲಿ ನನಗೆ ಜಾಸ್ತಿ ಸಿಕ್ಕವು. ವಿಡಿಯೋ ತುಣುಕುಗಳೂ ಇವೆ. ಮುದ್ದೆ ಇಲ್ಲೂ ಕೈಕೊಟ್ಟಿತು. ಪಿಕ್ಸಾಬೇಯನ್ನು ಒಂದೇ ಮಾತಲ್ಲಿ ಮುಗಿಸುತ್ತೇನೆ: ಐಕಾನ್, ರೇಖಾಚಿತ್ರ ಬೇಕಾದರೆ ಹೋಗಿ, ಫೋಟೋಗೆ ಬೇಡ. ಈ ಎರಡನ್ನೂ 2019ರಲ್ಲಿ ಕ್ಯಾನ್ವಾ ಕೊಂಡುಕೊಂಡಿತು.

ಮೂರರಲ್ಲೂ ಕ್ರೆಡಿಟ್, ಅಂದರೆ ಫೋಟೋ ತೆಗೆದವರ ಹೆಸರು, ಕೊಡಲೇಬೇಕೆಂಬ ಕಡ್ಡಾಯ ಇಲ್ಲ, ವ್ಯಾಪಾರಕ್ಕೂ ಬಳಸಬಹುದು. ಸಿಕ್ಕಿಬೀಳುವುದು ಮನುಷ್ಯರ ಮುಖದಲ್ಲಿ. ಫೋಟೋದಲ್ಲಿರುವ ವ್ಯಕ್ತಿ ಜಾಹೀರಾತಿಗೆ ಒಪ್ಪಿ ಸಹಿ ಹಾಕಿದ್ದಾರೆ ಅಂತ ಈ ಪುಕ್ಕಟೆ ಲೈಸೆನ್ಸ್‌ಗಳು ಖಾತ್ರಿ ಕೊಡುವುದಿಲ್ಲ. ಹಲ್ಲಿನ ಕ್ಲಿನಿಕ್‌ನವರು ನಗುವ ಹೆಂಗಸಿನ ಫೋಟೋ ಹಾಕಿ, ಕೆಳಗೆ "ನಮ್ಮಲ್ಲಿ ಚಿಕಿತ್ಸೆ ಪಡೆದವರು" ಅಂತ ಬರೆಯಿರಿ ಅಂದರು. ನಾನು ಒಪ್ಪಲಿಲ್ಲ. ಆಕೆ ಯಾವ ದೇಶದವರೋ, ಆ ಕ್ಲಿನಿಕ್ ಮೆಟ್ಟಿಲು ಹತ್ತಿದವರಲ್ಲ. ಹೀಗೆ ಮೆಚ್ಚುಗೆ ಅಂಟಿಸುವುದನ್ನು ಪೆಕ್ಸೆಲ್ಸ್ ನಿಯಮವೇ ಬೇಡ ಅನ್ನುತ್ತದೆ. ಇನ್ನೊಂದು ವಿಷಯ, ಆ ಸ್ಟೆತಸ್ಕೋಪ್ ಡಾಕ್ಟರನ್ನು ನೀವೂ ನೋಡಿರುತ್ತೀರಿ. ಊರಿಗೊಂದು ಲ್ಯಾಬಿನ ಬೋರ್ಡಿನಲ್ಲಿ ಅವರೇ ಇರುತ್ತಾರೆ, ಅಲ್ವಾ?

ಮುದ್ದೆ ಕೊನೆಗೂ ಸಿಕ್ಕಿದ್ದು ವಿಕಿಮೀಡಿಯ ಕಾಮನ್ಸ್‌ನಲ್ಲಿ. ನಮ್ಮ ನಾಡಿನ ವಿಷಯಕ್ಕೆ ನನ್ನ ಓಟು ಇದಕ್ಕೇ. 2004ರಿಂದ ಇರುವ ಸೈಟು, ಈಗ ಹತ್ತು ಕೋಟಿಗೂ ಹೆಚ್ಚು ಫೈಲುಗಳಿವೆ. "ಯಕ್ಷಗಾನ" ಅಂತ ಕನ್ನಡದಲ್ಲೇ ಟೈಪ್ ಮಾಡಿದರೂ ಫೋಟೋ ಬರುತ್ತದೆ, ಯಾಕೆಂದರೆ ಹಾಕಿದವರಲ್ಲಿ ಹಲವರು ವಿವರವನ್ನು ಕನ್ನಡದಲ್ಲೇ ಬರೆದಿದ್ದಾರೆ. ಹುಡುಕುವಾಗ ಒಂದು ಫೋಟೋ ಸಿಕ್ಕರೆ ಅಲ್ಲೇ ನಿಲ್ಲಬೇಡಿ. ಪುಟದ ಕೆಳಗೆ ಅದು ಯಾವ ವರ್ಗಕ್ಕೆ ಸೇರಿದೆ ಅಂತ ಇರುತ್ತದೆ. ಅದನ್ನು ಒತ್ತಿದರೆ ಅದರ ಅಕ್ಕತಂಗಿಯರೆಲ್ಲ ಸಾಲಾಗಿ ಬರುತ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿಯೂ ನೋಡಬೇಕು. ಬಿಸಿಬೇಳೆಬಾತನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ.

ಕೊರತೆ ಇಲ್ಲವೇ? ಇದೆ. ಹಾರಿಜಾನ್ ವಾಲಿರುತ್ತದೆ, ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಬಿದ್ದಿರುತ್ತದೆ, ಊಟದ ತಟ್ಟೆಯ ಪಕ್ಕ ಯಾರದ್ದೋ ಮೊಬೈಲ್ ಇರುತ್ತದೆ. ಒಳ್ಳೆಯದನ್ನು ಆರಿಸಲು ತಾಳ್ಮೆ ಬೇಕು. ಮತ್ತೆ ಇಲ್ಲಿ ಹೆಚ್ಚಿನವು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್‌ನವು, ಅಂದರೆ ತೆಗೆದವರೇ ಕೆಲವು ಷರತ್ತಿನ ಮೇಲೆ ಪುಕ್ಕಟೆ ಬಳಸಲು ಬಿಟ್ಟವು. ಹೆಚ್ಚಾಗಿ ಕ್ರೆಡಿಟ್ ಕಡ್ಡಾಯ. ಫೋಟೋ ಕೆಳಗೆ ನಾನು ಹೀಗೆ ಒಂದು ಸಾಲು ಹಾಕುತ್ತೇನೆ: "ಫೋಟೋ: ತೆಗೆದವರ ಹೆಸರು, ವಿಕಿಮೀಡಿಯ ಕಾಮನ್ಸ್, ಸಿಸಿ ಬೈ-ಎಸ್‌ಎ 4.0". ಹೆಸರಿಗೆ ಮೂಲ ಪುಟದ ಲಿಂಕ್, ಲೈಸೆನ್ಸ್‌ಗೆ ಲೈಸೆನ್ಸಿನ ಲಿಂಕ್. ಕೊನೆಯ ಆ "ಎಸ್‌ಎ" ಇದ್ದರೆ ಒಂದು ಷರತ್ತಿದೆ. ಫೋಟೋವನ್ನು ಹಾಗೇ ಲೇಖನದ ನಡುವೆ ಹಾಕಿದರೆ ನಿಮ್ಮ ಲೇಖನಕ್ಕೇನೂ ಆಗುವುದಿಲ್ಲ. ಅದನ್ನೇ ತಿದ್ದಿ ಪೋಸ್ಟರ್ ಮಾಡಿದರೆ ಆ ಪೋಸ್ಟರನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು. ಗ್ರಾಹಕರಿಗೆ ಇದನ್ನು ಮೊದಲೇ ಹೇಳಿಬಿಡಿ.

ಫ್ಲಿಕರ್ ಕೂಡ ಇದೇ ಜಾತಿ. ಯಕ್ಷಗಾನ, ಕಂಬಳ, ಮಲೆನಾಡಿನ ಮಳೆಗೆ ಕಾಮನ್ಸ್‌ಗಿಂತ ಚೆಂದದ ಫೋಟೋ ಇಲ್ಲಿ ಸಿಕ್ಕಿದ್ದುಂಟು. ಹುಡುಕಿದ ಮೇಲೆ ಲೈಸೆನ್ಸ್ ಫಿಲ್ಟರ್‌ನಲ್ಲಿ ವ್ಯಾಪಾರಕ್ಕೆ ಅನುಮತಿ ಇರುವುದನ್ನು ಆರಿಸಿಕೊಳ್ಳಬೇಕು. "ಎನ್‌ಸಿ", ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ಅಂತ ಇದ್ದರೆ ಮುಟ್ಟಬೇಡಿ, ಬ್ಲಾಗಿನಲ್ಲಿ ಜಾಹೀರಾತು ಓಡುತ್ತಿದ್ದರೂ ಅದು ತಂಟೆಯೇ. ಲೈಸೆನ್ಸಿನ ನಂಬರನ್ನೂ, ಅಂದರೆ ಅದು ಎಷ್ಟನೇ ಆವೃತ್ತಿ ಅನ್ನುವುದನ್ನೂ, ನೋಡಿ. ಫ್ಲಿಕರ್‌ನ ಹಳೆಯ ಫೋಟೋಗಳು ಹೆಚ್ಚಾಗಿ 2.0. ಕ್ರೆಡಿಟ್‌ನಲ್ಲಿ ಏನಾದರೂ ತಪ್ಪಿದರೆ, ಗೊತ್ತಾದ 30 ದಿನದೊಳಗೆ ಸರಿಮಾಡಿಕೊಂಡರೆ ಕಳೆದುಕೊಂಡ ಬಳಸುವ ಹಕ್ಕು ತಾನಾಗಿ ವಾಪಸ್ ಬರುತ್ತದೆ ಅನ್ನುವ ಸೌಲಭ್ಯ 4.0ದಲ್ಲಿದೆ, 2.0ದಲ್ಲಿ ಇಲ್ಲ. ಇಂಥ ತಪ್ಪು ಹುಡುಕಿ ದುಡ್ಡಿಗೆ ನೋಟಿಸ್ ಕಳಿಸುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಅದಕ್ಕೇ ಹಳೆಯ ಫೋಟೋಗೆ ಕ್ರೆಡಿಟ್ ಸಾಲನ್ನು ಎರಡು ಸಲ ಓದಿ ಹಾಕುತ್ತೇನೆ.

ಇನ್ನು ದುಡ್ಡಿನ ಸೈಟುಗಳು. ಶಟರ್‌ಸ್ಟಾಕ್, ಐಸ್ಟಾಕ್, ಅಡೋಬಿ ಸ್ಟಾಕ್. ಬಿಡಿಯಾಗಿ ಕೊಂಡರೆ ಸಾಮಾನ್ಯ ಫೋಟೋ ಒಂದಕ್ಕೂ ಬೆಲೆ ಜಾಸ್ತಿಯೇ ಬೀಳುತ್ತದೆ, ಮೇಲೆ ತೆರಿಗೆ. ಡಾಲರ್‌ನಲ್ಲಿ ಕಟ್ಟಿದರೆ ಕಾರ್ಡಿನವರು ಫಾರಿನ್ ಕರೆನ್ಸಿ ಅಂತ ಇನ್ನಷ್ಟು ಸೇರಿಸುತ್ತಾರೆ. ತಿಂಗಳಿಗೆ 10 ಫೋಟೋದ ಪ್ಲ್ಯಾನ್ ತಗೊಂಡರೆ ಒಂದೊಂದರ ಬೆಲೆ ತುಂಬ ಇಳಿಯುತ್ತದೆ. ಪ್ಲ್ಯಾನ್ ಇದ್ದಾಗ ಲೈಸೆನ್ಸ್ ಪಡೆದು ಇಳಿಸಿಕೊಂಡದ್ದನ್ನು ಆಮೇಲೂ ಬಳಸಬಹುದು. ಆದರೆ "ವರ್ಷದ ಪ್ಲ್ಯಾನ್, ತಿಂಗಳ ಕಂತು" ಅಂತ ಇದ್ದರೆ ಹುಷಾರು. ನಡುವೆ ನಿಲ್ಲಿಸಿದರೆ ದಂಡ ಬೀಳಬಹುದು, ಷರತ್ತು ಓದಿಯೇ ಕಾರ್ಡ್ ನಂಬರ್ ಕೊಡಿ.

ಮುದ್ದೆ ಮೂರರಲ್ಲೂ ಇದೆ. ಬಾಳೆಲೆ, ಸೊಪ್ಪಿನ ಸಾರು, ಪಕ್ಕದಲ್ಲಿ ಹಸಿಮೆಣಸು, ಒಳ್ಳೆ ಬೆಳಕು. ತೆಗೆದವರು ನಮ್ಮವರೇ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಯಕ್ಷಗಾನವೂ ಬೇಕಾದಷ್ಟಿದೆ, ಆದರೆ ಸುಮಾರು ಫೋಟೋಗಳ ಮೇಲೆ "ಎಡಿಟೋರಿಯಲ್ ಮಾತ್ರ" ಅಂತ ಮುದ್ರೆ. ಯಕ್ಷಗಾನದ ಬಗ್ಗೆ ಲೇಖನ ಬರೆದರೆ ಅದನ್ನು ಹಾಕಬಹುದು, ಹೋಮ್‌ಸ್ಟೇ ಜಾಹೀರಾತಿಗೆ ಹಾಕುವಂತಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕೂ ಬರುವುದಿಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಮೂರರಲ್ಲಿ ಒಂದನ್ನೇ ಆರಿಸು ಅಂದರೆ ಅಡೋಬಿ ಸ್ಟಾಕ್ ಅನ್ನುತ್ತೇನೆ. ಅದರಲ್ಲಿ ಪುಕ್ಕಟೆ ಫೋಟೋಗಳ ಒಂದು ವಿಭಾಗವೇ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಎಐ ಮಾಡಿದ ಚಿತ್ರಗಳನ್ನು ಹುಡುಕಾಟದಿಂದ ತೆಗೆದುಹಾಕುವ ಫಿಲ್ಟರೂ ಇದೆ. ಅದನ್ನು ಒತ್ತದಿದ್ದರೆ ಎಂಟು ಬೆರಳಿನ ಭರತನಾಟ್ಯದವರು ಎದುರಾಗಬಹುದು. ವಾಟರ್‌ಮಾರ್ಕ್ ಇರುವ ನಮೂನೆ ಪುಕ್ಕಟೆ ಸಿಗುವುದರಿಂದ, ಅದನ್ನು ಪುಟಕ್ಕೆ ಹಾಕಿ ಗ್ರಾಹಕರಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ಕೊಳ್ಳುತ್ತೇನೆ. ಬರೀ ಭಾರತದ ಮುಖಗಳೇ ಬೇಕು ಅನ್ನುವವರಿಗೆ ಇಮೇಜಸ್ ಬಜಾರ್ ಇದೆ. ಅದು 2006ರಿಂದ ಅದನ್ನೇ ಮಾಡಿಕೊಂಡು ಬಂದ ಸಂಸ್ಥೆ. ಫೋಟೋ ಚೆನ್ನಾಗಿವೆ, ನನ್ನ ಗ್ರಾಹಕರ ಜೇಬಿಗೆ ಮಾತ್ರ ಭಾರ.

ಈಗ ಹೋಮ್‌ಸ್ಟೇ ಸೈಟಿಗೆ ನಾನು ಹಂಚಿಕೊಳ್ಳುವುದು ಹೀಗೆ. ಕಾಡು, ಮಂಜು, ಕಾಫಿ ಕಪ್ ಅನ್‌ಸ್ಪ್ಲಾಶ್‌ನಿಂದ. ಸುತ್ತಲಿನ ದೇವಸ್ಥಾನ, ಜಲಪಾತ, ಊರ ಅಡುಗೆ ಕಾಮನ್ಸ್‌ನಿಂದ. ಮುಖಪುಟದಲ್ಲಿ ನಗುವ ಕುಟುಂಬ ಬೇಕೇ ಬೇಕು ಅಂತ ಹಟ ಹಿಡಿದರೆ ಅದೊಂದಕ್ಕೆ ದುಡ್ಡು ಕೊಟ್ಟು ಕೊಳ್ಳುತ್ತೇನೆ. ಎಲ್ಲಿಂದ ತಂದರೂ ಅಗಲ 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಅನ್ನುವ ಹಗುರ ಫೈಲು ಮಾಡುತ್ತೇನೆ, ಇಲ್ಲದಿದ್ದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದೇ ಇಲ್ಲ. ರೂಮಿನ ಫೋಟೋ ಮಾತ್ರ ಮಾಲೀಕರ ಮೊಬೈಲ್‌ನಿಂದಲೇ ಬರಬೇಕು. ಮಂಚದ ಮೇಲಿನ ಬಟ್ಟೆ ಎತ್ತಿಟ್ಟು, ಕಿಟಕಿ ತೆಗೆದು, ಇನ್ನೊಂದು ಸಲ ತೆಗೀರಿ ಅಂತ ಫೋನ್ ಮಾಡಬೇಕಾಗುತ್ತದೆ, ಅಷ್ಟೇ.