ಶಾಲಾ ಸಂಸತ್ತೋ, ಮಕ್ಕಳ ಗ್ರಾಮಸಭೆಯೋ?

ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಕ್ಕಳಿಗೆ ನೀಡುತ್ತದೆ. ಕರ್ನಾಟಕದ ಹಳ್ಳಿಶಾಲೆಗಳಲ್ಲಿ ಇದಕ್ಕೆ ಶಾಲಾ ಸಂಸತ್ತು ಮತ್ತು ಮಕ್ಕಳ ಗ್ರಾಮಸಭೆ ಎಂಬ ಎರಡು ವೇದಿಕೆಗಳಿದ್ದು, ಮುಖ್ಯ ಶಿಕ್ಷಕರು ತಮ್ಮ ಸೀಮಿತ ಸಮಯವನ್ನು ಯಾವುದಕ್ಕೆ ಹೆಚ್ಚು ಕೊಡಬೇಕೆಂಬುದು ಪ್ರಶ್ನೆ.

ಶಾಲಾ ಸಂಸತ್ತು ವರ್ಷವಿಡೀ ಇರುತ್ತದೆ. ಮತದಾನ, ಪ್ರಮಾಣವಚನ, ಖಾತೆ ಹಂಚಿಕೆಗಳೆಲ್ಲ ಸಂಭ್ರಮದಿಂದ ಮುಗಿದ ಮೇಲೆ ಸ್ವಚ್ಛತಾ ಮಂತ್ರಿಯು ಕಸ ಗುಡಿಸುವ ಸರದಿಯನ್ನಷ್ಟೇ ನೋಡಿಕೊಳ್ಳುವಂತಾದರೆ (ಹಲವೆಡೆ ಆಗುವುದು ಇದೇ), ಅದು ಶಿಕ್ಷಕರ ಕೆಲಸದ ಹಂಚಿಕೆಯೇ ಹೊರತು ಮಕ್ಕಳ ದನಿಯಲ್ಲ. ಆದರೂ ಗ್ರಂಥಾಲಯದ ಪುಸ್ತಕ, ಆಟದ ಅವಧಿ, ಬಿಸಿಯೂಟದ ರುಚಿಯಂತಹ, ಶಾಲೆಯೊಳಗೇ ಬಗೆಹರಿಯುವ ವಿಷಯಗಳಿಗೆ ಇದೇ ಸೂಕ್ತ. ಮಾತನಾಡಲು ಹಿಂಜರಿಯುವ ಮಗುವಿಗೂ ಪರಿಚಿತ ಕೋಣೆಯಲ್ಲಿ ಮತ್ತೆ ಮತ್ತೆ ಅವಕಾಶ ಸಿಗುತ್ತದೆ.

ಗ್ರಾಮ ಪಂಚಾಯಿತಿಯು ನಡೆಸುವ ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾತ್ರ. ಆದರೆ ಶೌಚಾಲಯ, ಕಾಂಪೌಂಡು, ಕುಡಿಯುವ ನೀರು, ದೂರದ ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸು ಮುಂತಾದ, ಓದು ಮುಂದುವರಿಸುವ ಆಸೆ ಉಳಿಯುವುದೋ ಇಲ್ಲವೋ ಎಂಬುದನ್ನೇ ನಿರ್ಧರಿಸುವ ಬೇಡಿಕೆಗಳನ್ನು ಪಂಚಾಯಿತಿಯ ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಎದುರಿನಲ್ಲೇ ಇಡಬೇಕು.

ಸಂಸತ್ತೇ ಇಲ್ಲದ ಶಾಲೆಯು ಮೊದಲು ಅದನ್ನು ಕಟ್ಟುವುದು ಲೇಸು. ಈಗಾಗಲೇ ಇರುವ ಶಾಲೆಯು ಗ್ರಾಮಸಭೆಗೆ ಮುನ್ನ ತರಗತಿವಾರು ಬೇಡಿಕೆಗಳನ್ನು ಬರೆಸಿ, ಹಿಂದಿನ ವರ್ಷದ ನಡಾವಳಿಯ ಪ್ರತಿಯನ್ನು ಪಂಚಾಯಿತಿಯಿಂದ ಕೇಳಿ ಪಡೆಯಲಿ.