ಟಿ-ಶರ್ಟ್ ತೋಪಿನ ಗಾಳಿ ಟ್ಯಾಂಕ್: ಪಿವಿಸಿಯೋ, ಉಕ್ಕೋ?

ಟಿ-ಶರ್ಟ್ ತೋಪು ಎಂದರೆ ಅದುಮಿಟ್ಟ ಗಾಳಿಯಿಂದ ಅಂಗಿಯನ್ನು ಜನರತ್ತ ಹಾರಿಸುವ ಕೊಳವೆ. ಅದರ ಟ್ಯಾಂಕಿಗೆ ಪಿವಿಸಿ ಪ್ಲಾಸ್ಟಿಕ್ ಪೈಪು ಹಗುರ, ಅಂಟಿಸುವುದೂ ಸಲೀಸು. ಆದರೆ ಪೈಪಿನ ಮೇಲೆ ಅಚ್ಚಾದ ಒತ್ತಡದ ಅಂಕಿ ನೀರಿನದು. ನೀರು ಅದುಮಿದರೂ ಹೆಚ್ಚು ಕುಗ್ಗದು; ಪೈಪು ಬಿರುಕು ಬಿಟ್ಟರೆ ಒತ್ತಡ ತಟ್ಟನೆ ಇಳಿಯುತ್ತದೆ. ಅದುಮಿಟ್ಟ ಗಾಳಿ ಹಾಗಲ್ಲ, ಪೈಪನ್ನೇ ಚೂಪು ಚೂರುಗಳಾಗಿ ಎರಚುತ್ತದೆ. ಬಿಸಿಲು ತಿಂದ ಪಿವಿಸಿಯಂತೂ ಇನ್ನೂ ಪೆಡಸು. ಟ್ಯಾಂಕಿಗೆ ಅದು ಬೇಡವೇ ಬೇಡ.

ಕಂಪ್ರೆಸರ್ ಗಾಳಿಗೆಂದೇ ಮಾಡಿದ ಉಕ್ಕಿನ ಟ್ಯಾಂಕ್ ಭಾರ, ನಿಜ. ಒಳಗೆ ತುಕ್ಕು ಹಿಡಿಯದಂತೆ ಆಗಾಗ ನೀರು ಬಸಿಯಬೇಕು. 125 ಪಿಎಸ್‌ಐ (ಒತ್ತಡದ ಅಳತೆ) ಗುರುತಿನ ಟ್ಯಾಂಕಿಗೂ 60ಕ್ಕೇ ತೆರೆಯುವ ಸೇಫ್ಟಿ ವಾಲ್ವ್ ಹಾಕಿ.

ಟ್ಯಾಂಕಿನ ಗಾಳಿಯನ್ನು ಕೊಳವೆಗೆ ಬಿಡಲು ಬಾಲ್ ವಾಲ್ವ್ ಅಗ್ಗ, ಆದರೆ ಹಿಡಿ ತಿರುಗಿಸುವಷ್ಟರಲ್ಲಿ ಗಾಳಿ ಅಂಗಿಯ ಪಕ್ಕದಿಂದ ನುಸುಳಿ ಹೋಗುತ್ತದೆ, ಅಂಗಿ ತೋಪಿನ ಬಾಯಲ್ಲೇ ಉದುರುತ್ತದೆ. ಗಾಳಿಗೆ ತಕ್ಕ, ಹಿತ್ತಾಳೆ ಮೈಯ 1 ಇಂಚಿನ ಸೊಲೆನಾಯ್ಡ್ ವಾಲ್ವೇ (ಕರೆಂಟಿನಿಂದ ತಟ್ಟನೆ ತೆರೆಯುವ ವಾಲ್ವ್) ವಾಸಿ. ಯಾವುದಾದರೂ ಸರಿ, ಮೊದಲು ಅಂಗಿ ತುಂಬಿ, ಆಮೇಲೆ ಗಾಳಿ.