‘ಕಂಡಷ್ಟು ಮಟ್ಟಿಗೆ ಚೆನ್ನಾಗಿದೆ’: ಹಳೇ ಹಾಯಿದೋಣಿ ಕೊಳ್ಳುವವರು ಇದನ್ನು ಓದಿ

ಹಳೇ ಹಾಯಿದೋಣಿ ಕೊಳ್ಳುವ ಯೋಚನೆಯಲ್ಲಿರುವವರು, ಈಗಾಗಲೇ ಕೊಂಡು ಹೊಸ ಕುಶನ್, ಹೊಸ ಬ್ಯಾಟರಿ ಹಾಕಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 2021ರ ಆಗಸ್ಟ್‌ನಲ್ಲಿ ಚೆಸಪೀಕ್ ಕೊಲ್ಲಿಯಲ್ಲಿ ನಮ್ಮ ದೋಣಿಯ ಮಾಸ್ಟ್ ಮುರಿಯಿತು. ಮಾಸ್ಟ್ ಅಂದರೆ ಹಾಯಿ ಕಟ್ಟುವ ಕಂಬ. ದೋಣಿಯಲ್ಲಿ ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಇದ್ದೆವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅದಕ್ಕೆ ಐದು ನಿಮಿಷ ಮೊದಲು ಮಗಳು ಆ ಕಂಬದ ಬುಡದಲ್ಲೇ ಕೂತಿದ್ದಳು. ತಿಂಡಿ ತಿನ್ನಲು ಅವಳಮ್ಮ ಕರೆದಳು ಅಂತ ಎದ್ದು ಹಿಂದೆ ಬಂದಳು, ಅಷ್ಟೇ.

ನಾವಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಅನಾಪೊಲಿಸ್ ಹತ್ತಿರ. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಮಳೆಗಾಲ ಬಂತೆಂದರೆ ದೋಣಿಗಳನ್ನು ದಡಕ್ಕೆ ಎಳೆದು ಹಾಕುವುದು, ಹಲಗೆಯ ಒಂದೊಂದು ಸಂದನ್ನೂ ತಡವಿ ನೋಡುವುದು, ಗೇರೆಣ್ಣೆ ಬಳಿಯುವುದು, ಇವನ್ನೆಲ್ಲ ನೋಡುತ್ತಲೇ ದೊಡ್ಡವನಾದವನು. ಹಾಗಾಗಿ ದೋಣಿ ಹಾಳಾಗಿದ್ದರೆ ನನಗೆ ಗೊತ್ತಾಗುತ್ತದೆ ಅಂತ ನಂಬಿದ್ದೆ. ಮರದ ದೋಣಿ ಕೊಳೆತರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಫೈಬರ್ ದೋಣಿ ಹಾಗಲ್ಲ. ಹೊರಗೆ ಹೊಳೆಯುತ್ತಲೇ ಒಳಗೆ ಕೊಳೆಯುತ್ತದೆ.

2019ರ ಏಪ್ರಿಲ್‌ನಲ್ಲಿ ಕೊಂಡೆವು. 1981ರಲ್ಲಿ ಕಟ್ಟಿದ 32 ಅಡಿಯ ದೋಣಿ, ಬೆಲೆ 14,500 ಡಾಲರ್. ಒಳಗೆ ಅಡುಗೆ ಮಾಡಬಹುದು, ನಾಲ್ಕು ಜನ ಮಲಗಬಹುದು. ಕೊಳ್ಳುವ ಮೊದಲು ಸರ್ವೇ ಮಾಡಿಸಿದೆ, ಅಂದರೆ ದೋಣಿಯ ಸ್ಥಿತಿ ಹೇಗಿದೆ ಅಂತ ತಿಳಿದವರಿಂದ ಪರೀಕ್ಷೆ. ಸರ್ವೇಯರ್ ಹೆಸರು ಕೊಟ್ಟದ್ದು ಬ್ರೋಕರ್. ಬ್ರೋಕರ್‌ಗೆ ಕಮಿಷನ್ ಬರುವುದು ದೋಣಿ ಮಾರಾಟವಾದರೆ ಮಾತ್ರ. ಆಗ ಇದನ್ನು ನಾನು ಯೋಚಿಸಲಿಲ್ಲ. 700 ಡಾಲರ್ ಕೊಟ್ಟೆ, ಹದಿನೆಂಟು ಪುಟದ ವರದಿ ಬಂತು. ಅದರಲ್ಲಿ ಒಂದು ಸಾಲು: ‘ಚೈನ್‌ಪ್ಲೇಟ್‌ಗಳು, ಕಂಡಷ್ಟು ಮಟ್ಟಿಗೆ, ಚೆನ್ನಾಗಿವೆ.’

‘ಚೆನ್ನಾಗಿವೆ’ ಅನ್ನುವುದನ್ನು ಓದಿದೆ. ‘ಕಂಡಷ್ಟು ಮಟ್ಟಿಗೆ’ ಅನ್ನುವುದನ್ನು ಓದದ ಹಾಗೆ ಮುಂದೆ ಹೋದೆ.

ಚೈನ್‌ಪ್ಲೇಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲವೂ ಇರುವುದು ಅದರಲ್ಲೇ. ಮಾಸ್ಟ್ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಉಕ್ಕಿನ ತಂತಿಗಳು ಅದನ್ನು ಎಳೆದು ಹಿಡಿದಿರುತ್ತವೆ. ಅಕ್ಕಪಕ್ಕದ ತಂತಿಗಳ ಬಿಗಿಯೆಲ್ಲ ಬಂದು ಬೀಳುವುದು ಈ ಚೈನ್‌ಪ್ಲೇಟ್ ಮೇಲೆ. ನೋಡಲು ಒಂದು ಚಪ್ಪಟೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಮೂರು ಬೆರಳು ಅಗಲ. ಡೆಕ್‌ನಲ್ಲಿ, ಅಂದರೆ ದೋಣಿಯ ಮೇಲೆ ನಾವು ಓಡಾಡುವ ನೆಲದಲ್ಲಿ, ಕೊರೆದ ಸಂದಿಯ ಮೂಲಕ ಕೆಳಗಿಳಿದು, ಒಳಗಿನ ಅಡ್ಡಗೋಡೆಗೆ ಬೋಲ್ಟ್ ಆಗಿರುತ್ತದೆ. ನಮ್ಮ ದೋಣಿಯಲ್ಲಿ ಅಂಥವು ಆರು. ಮೇಲೆ ಕಾಣುವುದು ನಾಲ್ಕು ಬೆರಳಿನಷ್ಟು. ಕೆಳಗಿನ ಭಾಗ ಬೀರುವಿನ ಹಿಂದೆ ಹಲಗೆ ಹೊಡೆದು ಮುಚ್ಚಿರುತ್ತದೆ. ಡೆಕ್‌ನ ದಪ್ಪದೊಳಗೆ ಸಿಕ್ಕಿಕೊಂಡಿರುವ ಭಾಗವಂತೂ ಬಿಚ್ಚಿ ತೆಗೆಯದೆ ಯಾರ ಕಣ್ಣಿಗೂ ಬೀಳುವುದಿಲ್ಲ. ತುಕ್ಕು ತಿನ್ನುವುದು ಅಲ್ಲೇ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಅಂತ ನಾವೆಲ್ಲ ತಿಳಿದಿದ್ದೇವೆ, ಅಲ್ವಾ? ಅದನ್ನು ಕಾಪಾಡುವುದು ಮೇಲಿರುವ ಕ್ರೋಮಿಯಂ ಆಕ್ಸೈಡ್‌ನ ತೆಳು ಪದರ. ಆ ಪದರ ಉಳಿಯಬೇಕಾದರೆ ಗಾಳಿಯ ಆಮ್ಲಜನಕ ತಾಗುತ್ತಿರಬೇಕು. ಇಕ್ಕಟ್ಟಿನ ಸಂದಿಯಲ್ಲಿ ಉಪ್ಪುನೀರು ನಿಂತು, ಗಾಳಿ ತಾಗದೆ ಹೋದರೆ ಪದರ ಒಡೆಯುತ್ತದೆ. ಆಮೇಲೆ ಒಂದು ಸಣ್ಣ ಗುಳಿ, ಗುಳಿಯಿಂದ ಬಿರುಕು. ಗಾಳಿಗೆ ಒಡ್ಡಿಕೊಂಡ ಮೇಲಿನ ತುದಿ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಲೇ ಇರುತ್ತದೆ.

ಜೊತೆಗೆ ಇಂಥ ಎಷ್ಟೋ ದೋಣಿಗಳಲ್ಲಿ ಡೆಕ್ ಕೂಡ ಪೂರ್ತಿ ಫೈಬರ್ ಅಲ್ಲ. ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರದ ತುಂಡುಗಳನ್ನು ಇಟ್ಟಿರುತ್ತಾರೆ. ಹಗುರ, ಗಟ್ಟಿ, ಒಳ್ಳೆಯದೇ. ಆದರೆ ಸಂದಿಯ ಅಂಟು ಹಳೆಯದಾಗಿ ಬಿರುಕು ಬಿಟ್ಟ ದಿನದಿಂದ ಆ ಮರ ನೀರು ಕುಡಿಯುತ್ತಾ ಹೋಗುತ್ತದೆ, ಪಟ್ಟಿಯನ್ನು ಸದಾ ಒದ್ದೆಯಾಗಿಡುತ್ತದೆ.

ಮೊದಲ ಎರಡು ವರ್ಷ ನಾವು ದುಡ್ಡು ಸುರಿದದ್ದು ಕಣ್ಣಿಗೆ ಕಾಣುವುದಕ್ಕೆ. ಹೊಸ ಚಾರ್ಟ್‌ಪ್ಲಾಟರ್ (ದಾರಿ ತೋರಿಸುವ ನಕ್ಷೆಯ ಪರದೆ), ಸೋಲಾರ್, ಕುಶನ್, ಬಣ್ಣ. ಎಲ್ಲ ಸೇರಿ ಸುಮಾರು 7,000 ಡಾಲರ್.

2020ರ ಅಕ್ಟೋಬರ್‌ನಲ್ಲಿ ಹೆಂಡತಿ ಎಡಗಡೆಯ ಬೀರು ಒರೆಸುತ್ತಿದ್ದವಳು ಕರೆದಳು. “ಮಾರಾಯ್ರೇ, ಇಲ್ಲಿ ನೋಡಿ, ಗೋಡೆಯ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಗೆರೆ ಇಳಿದಿದೆ. ಹೋದ ತಿಂಗಳೂ ಒರೆಸಿದ್ದೆ.” ಮಾಸ್ಟ್ ಬಿದ್ದುಹೋಗುವ ಮೊದಲು ನಮಗೆ ಸಿಕ್ಕ ಒಂದೇ ಒಂದು ಸೂಚನೆ ಅದು. ನಾನು ಮಾಡಿದ್ದೇನು? ಒಂದು ಟ್ಯೂಬ್ ಅಂಟು ತಂದು ಮೇಲಿನಿಂದ ಸಂದಿಗೆ ತುಂಬಿದೆ. ಒಳಗೆ ಆಗಲೇ ಹೊಕ್ಕಿದ್ದ ನೀರು ಅಲ್ಲೇ ಉಳಿಯಿತು. ಇದ್ದಬದ್ದ ಗಾಳಿಯ ದಾರಿಯೂ ಮುಚ್ಚಿತು. ಸೋರಿಕೆಗೆ ಮೇಲಿಂದ ಅಂಟು ಮೆತ್ತುವುದು ದುರಸ್ತಿ ಅಲ್ಲ. ದಯವಿಟ್ಟು ಅದನ್ನು ಮಾಡಬೇಡಿ.

ಗೆರೆ ಮತ್ತೆ ಬಂತು. 2021ರ ಮಾರ್ಚ್‌ನಲ್ಲಿ ಒಂದು ಬೋಟ್‌ಯಾರ್ಡ್‌ಗೆ ಕೆಲಸ ಕೊಟ್ಟೆ. ಯಾವುದು ಅಂತ ಹೆಸರು ಹೇಳುವುದಿಲ್ಲ. ‘ಆರು ಚೈನ್‌ಪ್ಲೇಟ್ ಬಿಚ್ಚಿ, ಪರೀಕ್ಷಿಸಿ, ಮತ್ತೆ ಕೂರಿಸಲಾಗಿದೆ’ ಅಂತ 640 ಡಾಲರ್ ಬಿಲ್ ಬಂತು. ಡೆಕ್ ಮೇಲೆ ಹೊಸ ಬಿಳಿ ಅಂಟು ನೀಟಾಗಿ ಕಾಣುತ್ತಿತ್ತು. ನಾನು ಒಂದು ಫೋಟೋ ಕೇಳಲಿಲ್ಲ. ಬೀರುವಿನ ಹಿಂದಿನ ಹಲಗೆ ತೆಗೆದು ನೋಡಲಿಲ್ಲ. ಅಪಘಾತವಾದ ಮೇಲೆ ತೆಗೆದು ನೋಡಿದರೆ, ನಟ್‌ಗಳ ಮೇಲೆ ವರ್ಷಗಟ್ಟಲೆಯ ಧೂಳು ಹಾಗೇ ಕೂತಿತ್ತು. ಒಂದಕ್ಕೂ ಸ್ಪ್ಯಾನರ್ ತಾಗಿರಲಿಲ್ಲ. ಹೊಸ ಅಂಟಿನ ಕೆಳಗೆ ನಾನು ಹಾಕಿದ್ದು, ಅದರ ಕೆಳಗೆ ಹಿಂದಿನ ಮಾಲೀಕರು ಹಾಕಿದ್ದು, ಪದರ ಪದರವಾಗಿ ಇತ್ತು.

ಮಾಸ್ಟ್ ಮುರಿದ ಆ ದಿನ ಶನಿವಾರ. ಸೇಂಟ್ ಮೈಕಲ್ಸ್ ಅನ್ನುವ ಊರಿನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಎಂಟಕ್ಕೆ ಹೊರಟಿದ್ದೆವು. ಹತ್ತೂವರೆ ಹೊತ್ತಿಗೆ ಈಸ್ಟರ್ನ್ ಬೇ ಅನ್ನುವ ಒಳಕೊಲ್ಲಿ ದಾಟಿ ಕೊಲ್ಲಿಯ ಮುಖ್ಯ ಭಾಗಕ್ಕೆ ಬಂದೆವು. ಪಶ್ಚಿಮಕ್ಕೆ ಹೋಗುತ್ತಿದ್ದೆವು, ಗಾಳಿ ದಕ್ಷಿಣದಿಂದ, ಅಂದರೆ ನಮ್ಮ ಎಡಗಡೆಯಿಂದ, ಸುಮಾರು 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ.ನಷ್ಟು. ಬಿರುಗಾಳಿ ಅಲ್ಲ, ಹಾಯಿದೋಣಿಯವರು ಕಾಯುವಂಥ ಗಾಳಿ. ಆಗ ಬಂದೂಕು ಹೊಡೆದ ಹಾಗೆ ಒಂದು ಸದ್ದು. ತಲೆ ಎತ್ತುವಷ್ಟರಲ್ಲಿ ಮಾಸ್ಟ್ ನಡುವಿಗೆ ಮಡಚಿ, ಮೇಲಿನ ಅರ್ಧ ಬಲಗಡೆ ನೀರಿಗೆ ಬಿದ್ದಿತ್ತು. ಬಲಗಡೆಯ ಕಂಬಿ ಕಟಾಂಜನವೆಲ್ಲ ಚಪ್ಪಟೆಯಾಗಿತ್ತು.

ಆಮೇಲಿನದು ಬಿದ್ದದ್ದಕ್ಕಿಂತ ಹೆಚ್ಚು ಹೆದರಿಸಿತು. ಮುರಿದ ತುದಿ ಪ್ರತಿ ಅಲೆಗೂ ದೋಣಿಯ ಮೈಗೆ ಗುದ್ದುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ತೂತಾಗುತ್ತದೆ. ಎಂಜಿನ್ ಹಾಕುವ ಹಾಗಿಲ್ಲ, ನೀರಿನಲ್ಲಿ ತೇಲುವ ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ. ದೋಣಿಯ ರೇಡಿಯೋದ ಆಂಟೆನಾ ಮಾಸ್ಟ್‌ನ ತುದಿಯಲ್ಲಿ ಇದ್ದದ್ದು, ಅದೂ ನೀರಿನೊಳಗೆ. ಕೈಯಲ್ಲಿ ಹಿಡಿಯುವ ಸಣ್ಣ ವಿಎಚ್‌ಎಫ್ ರೇಡಿಯೋ ಒಂದು ಚಾರ್ಜ್ ಆಗಿತ್ತು, ಅದೇ ನಮ್ಮನ್ನು ಉಳಿಸಿದ್ದು. ತುರ್ತು ಕರೆಗೆ ಬಳಸುವ ಚಾನೆಲ್ 16ರಲ್ಲಿ ಕೂಗಿದೆ. ಉಕ್ಕಿನ ತಂತಿಯನ್ನು ಹ್ಯಾಕ್‌ಸಾ ಗರಗಸದಿಂದ ಕತ್ತರಿಸಲು ಹೋದರೆ ಎಳೆಗಳು ಅಲ್ಲಾಡಿ ಜಾರುತ್ತವೆ, ಸುಲಭಕ್ಕೆ ತುಂಡಾಗುವುದಿಲ್ಲ. ಹತ್ತಿರದಲ್ಲಿ ಏಡಿ ಹಿಡಿಯುತ್ತಿದ್ದ ದೋಣಿಯವರು ದೊಡ್ಡ ಬೋಲ್ಟ್ ಕಟ್ಟರ್ ತಂದು ಮೂರು ತಂತಿ ಕತ್ತರಿಸಿದರು, ಮುರಿದ ಮಾಸ್ಟನ್ನು ಪಕ್ಕಕ್ಕೆ ಕಟ್ಟಿಕೊಟ್ಟರು. ದುಡ್ಡು ಕೊಡಲು ಹೋದರೆ ಬೇಡ ಅಂದರು. ಅವರನ್ನು ನಾನು ಮರೆಯುವುದಿಲ್ಲ.

ದಡಕ್ಕೆ ಬಂದು ನೋಡಿದೆವು. ಎಡಗಡೆಯ ಮುಖ್ಯ ಚೈನ್‌ಪ್ಲೇಟ್ ಸರಿಯಾಗಿ ಡೆಕ್‌ನ ದಪ್ಪದೊಳಗೆ ತುಂಡಾಗಿತ್ತು. ತುಂಡಾದ ಮುಖದಲ್ಲಿ ಮುಕ್ಕಾಲು ಭಾಗ ಕಡು ಕಂದು, ಕಾಲು ಭಾಗ ಮಾತ್ರ ಬೆಳ್ಳಗೆ. ಕಂದು ಭಾಗ ಎಷ್ಟೋ ದಿನದಿಂದ ಬಿರಿದು ನಿಂತಿದ್ದದ್ದು. ಆ ದಿನ ಮುರಿದದ್ದು ಆ ಬೆಳ್ಳಗಿನ ಕಾಲು ಭಾಗ. ಅಷ್ಟರ ಮೇಲೆ ಮಗಳನ್ನು ಕೂರಿಸಿಕೊಂಡು ಬೇಸಿಗೆಯೆಲ್ಲ ಓಡಾಡಿದ್ದೆವು. ಸುತ್ತಲಿನ ಬಾಲ್ಸಾ ಒದ್ದೆ ಗೊಬ್ಬರದ ಹಾಗೆ ಕೈಗೆ ಬಂತು. ಪ್ಲೈವುಡ್ ಗೋಡೆಗೆ ಸ್ಕ್ರೂಡ್ರೈವರ್ ಒತ್ತಿದರೆ ಸುಮ್ನೆ ಒಳಗೆ ಹೋಗುತ್ತಿತ್ತು.

ವಿಮೆಯವರು ದೋಣಿ ಎಳೆದು ತಂದ ಖರ್ಚು ಕೊಟ್ಟರು. ತುಕ್ಕು, ಕೊಳೆತ, ಸವೆತ ಪಾಲಿಸಿಯಲ್ಲಿ ಸೇರುವುದಿಲ್ಲ ಅಂತ ಉಳಿದದ್ದನ್ನು ತಳ್ಳಿಹಾಕಿದರು. ಓದಿ ನೋಡಿದೆ, ಹಾಗೇ ಬರೆದಿತ್ತು. ನಿಮ್ಮ ಪಾಲಿಸಿಯಲ್ಲಿ ಆ ಪುಟವನ್ನು ಇವತ್ತೇ ಓದಿ. ಯಾರ್ಡ್‌ನವರು ವಾದ ಮಾಡಿ ಮಾಡಿ ಕೊನೆಗೆ 640 ಡಾಲರ್ ಹಿಂದಿರುಗಿಸಿದರು. ಹೊಸ ಮಾಸ್ಟ್, ತಂತಿಗಳು ಎಲ್ಲ ಸೇರಿ ಬಂದ ಅಂದಾಜು 21,000 ಡಾಲರ್, ದೋಣಿಗೆ ಕೊಟ್ಟದ್ದಕ್ಕಿಂತ ಜಾಸ್ತಿ.

ಈಗ ಮತ್ತೆ ಕೊಳ್ಳುವುದಾದರೆ ನಾನೇನು ಮಾಡುತ್ತೇನೆ ಅಂತ ಹೇಳುತ್ತೇನೆ. ಸರ್ವೇಯರ್‌ನನ್ನು ನೀವೇ ಹುಡುಕಿ, ಬ್ರೋಕರ್ ಹೇಳಿದವರು ಬೇಡ. ಅಮೆರಿಕದಲ್ಲಾದರೆ ದೋಣಿ ಸರ್ವೇಯರ್‌ಗಳ ಸಂಘಗಳಾದ ಸ್ಯಾಮ್ಸ್ ಅಥವಾ ನ್ಯಾಮ್ಸ್‌ನ ಸದಸ್ಯರೇ ಅಂತ ನೋಡಿ. ಆದರೆ ಅವರೂ ಚೈನ್‌ಪ್ಲೇಟ್ ಬಿಚ್ಚುವುದಿಲ್ಲ, ಸಾಮಾನ್ಯವಾಗಿ ಮಾಸ್ಟ್ ಹತ್ತುವುದಿಲ್ಲ. ಅದಕ್ಕೆ ರಿಗ್ಗರ್ ಅಂತ ಬೇರೆ ಕಸುಬಿನವರು ಇದ್ದಾರೆ, ಅವರಿಗೆ ಬೇರೆ ದುಡ್ಡು ಕೊಡಬೇಕು. ಒಂದು ಚೈನ್‌ಪ್ಲೇಟಾದರೂ ಹೊರಗೆ ತೆಗೆದು ತೋರಿಸಬೇಕು ಅಂತ ಮಾರಾಟದ ಷರತ್ತಿನಲ್ಲೇ ಬರೆಸಿ. ಮಾರುವವರು ಒಪ್ಪದಿದ್ದರೆ ಆ ದೋಣಿ ಬಿಟ್ಟುಬಿಡಿ. ಗಾಳಿಯಿಲ್ಲದ ದಿನ, ಮಾಸ್ಟ್ ತುದಿಯ ಹಗ್ಗವೊಂದನ್ನು ಆ ಬದಿಗೆ ಬಿಗಿದುಕೊಂಡು, ತಿಳಿದವರು ಒಂದೊಂದಾಗಿ ಬಿಚ್ಚಬಹುದು. ಇಡೀ ಮಾಸ್ಟ್ ಇಳಿಸಬೇಕಾಗಿಲ್ಲ.

ನಲವತ್ತು ವರ್ಷದ ಮೂಲ ಪಟ್ಟಿಗಳಾದರೆ ಪರೀಕ್ಷೆಯೂ ಬೇಡ, ಬದಲಾಯಿಸಿ. ನಾನು 316 ಎಲ್ ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಆರನ್ನೂ ಮಾಡಿಸಲು ಕೊಟ್ಟದ್ದು 900 ಡಾಲರ್. ಕುಶನ್‌ಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ. ಮತ್ತೆ ಕೂರಿಸುವಾಗ ಸಂದಿಯ ಸುತ್ತ ಬಾಲ್ಸಾ ಕೆರೆದು ತೆಗೆದು, ಆ ಜಾಗಕ್ಕೆ ಗಟ್ಟಿ ಎಪಾಕ್ಸಿ ತುಂಬಿ, ಅದರಲ್ಲಿ ಹೊಸ ಸಂದಿ ಕೊರೆಯಬೇಕು. ಮುಂದೆ ಸೋರಿದರೂ ನೀರು ಮರಕ್ಕೆ ತಾಗುವುದಿಲ್ಲ. ಯಾರ್ಡ್‌ಗೆ ಕೊಟ್ಟರೆ, ಆರೂ ಪಟ್ಟಿ ಮೇಜಿನ ಮೇಲೆ ಇರುವ ಫೋಟೋ ಬಂದ ಮೇಲೆಯೇ ಬಿಲ್ ಕಟ್ಟಿ. ಸಾಧ್ಯವಾದರೆ ಆ ದಿನ ನೀವೇ ಹೋಗಿ ನಿಂತುಕೊಳ್ಳಿ.

ದೋಣಿ ನೋಡಲು ಹೋದಾಗ ಒಂದು ಪ್ಲಾಸ್ಟಿಕ್ ಸುತ್ತಿಗೆ ಇರಲಿ. ಡೆಕ್ ಮೇಲೆ ಮೆಲ್ಲಗೆ ಬಡಿಯುತ್ತಾ ಹೋಗಿ. ಟಕ್ ಟಕ್ ಅಂದರೆ ಸರಿ, ದಬ್ ಅಂತ ಮಂಕಾಗಿ ಕೇಳಿದರೆ ಒಳಗೆ ಕೊಳೆತಿರಬಹುದು. ಬೀರುಗಳ ಬಾಗಿಲು ತೆಗೆದು ಟಾರ್ಚ್ ಹಾಕಿ, ಕಂದು ಗೆರೆ ಹುಡುಕಿ. ಹೊಸದಾಗಿ ಬಣ್ಣ ಹೊಡೆದ ಬೀರು ಕಂಡರೆ ಯಾಕೆ ಹೊಡೆದರು ಅಂತ ಕೇಳಿ. ತಳದ ತೂತುಗಳಿಂದ ನೀರು ಒಳನುಗ್ಗದಂತೆ ಮುಚ್ಚುವ ವಾಲ್ವ್‌ಗಳನ್ನೂ ಬಿಡಬೇಡಿ. ಹಿತ್ತಾಳೆಯದ್ದಾದರೆ ಸತು ಕರಗಿ ಹೋಗಿ ನಸುಗೆಂಪಾಗಿ ಪುಡಿಯಾಗುತ್ತದೆ. ನಮ್ಮದರಲ್ಲಿ ಒಂದು ಕೈಯಲ್ಲೇ ಮುರಿದು ಬಂತು, ಪುಣ್ಯಕ್ಕೆ ದೋಣಿ ದಡದ ಮೇಲಿತ್ತು.

ಅದೇ ಮಾದರಿಯ ದೋಣಿಯೊಂದನ್ನು ಒಡೆಯುತ್ತಿದ್ದ ಕಡೆಯಿಂದ ಹಳೇ ಮಾಸ್ಟ್ ಸಿಕ್ಕಿತು. 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದೆವು, ತಂತಿಗಳೆಲ್ಲ ಹೊಸವು. ಬೀರುವಿನ ಹಿಂದಿನ ಹಲಗೆಗಳನ್ನು ಮತ್ತೆ ಹಾಕಿಲ್ಲ. ಮಲಗಿದಲ್ಲಿಂದಲೇ ಆರೂ ಪಟ್ಟಿಗಳ ಬೋಲ್ಟ್ ಕಾಣುತ್ತವೆ. ಮಳೆ ನಿಂತ ಮೇಲೆ ಮಗಳು ಒಂದೊಂದರ ಬುಡಕ್ಕೂ ಟಿಶ್ಯೂ ಕಾಗದ ಒತ್ತಿ, ಒದ್ದೆಯಾಯಿತಾ ಅಂತ ನೋಡಿ, ನೋಟ್‌ಬುಕ್‌ನಲ್ಲಿ ತಾರೀಕು ಬರೆದಿಡುತ್ತಾಳೆ.